ದಿನಚರ್ಯೆಯ ಕಿಟ್ ಬಂದಿದೆ, ಓಟಿಪಿ ಹೇಳಿ

ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡವರ ಮೊಬೈಲಿಗೆ ಈಗ ಆಯುರ್ವೇದ ಬಂದು ಬೀಳುತ್ತದೆ. ಒಂದು ಕ್ವಿಜ್. ಚರ್ಮ ಒಣಗಿದೆಯಾ, ಸಿಟ್ಟು ಜಾಸ್ತಿಯಾ, ನಿದ್ದೆ ಬರಲ್ವಾ? ಆ ಸಿಗ್ನಲ್‌ನಲ್ಲಿ ಕೂತವರು ಮೂರಕ್ಕೂ ಹೌದು ಅನ್ನದೆ ಇನ್ನೇನು ಅಂತಾರೆ? ದೀಪ ಹಸಿರಾಗುವ ಮೊದಲೇ ನಿಮ್ಮದು ವಾತ-ಪಿತ್ತ ಪ್ರಕೃತಿ ಅಂತ ತೀರ್ಪು ಬರುತ್ತದೆ, ಕೆಳಗೇ 'ಆರಂಭಿಕರ ಕಿಟ್' ಬಟನ್ನು.

ಕಿಟ್‌ನಲ್ಲಿ ನಾಲಿಗೆ ಉಜ್ಜುವ ತಾಮ್ರದ ಪಟ್ಟಿ, ತಾಮ್ರದ ಬಾಟಲಿ, ಬಾಯಿಗೊಂದು ಎಣ್ಣೆ, ಮೂಗಿಗೊಂದು, ಮೈಗೊಂದು, ನೆತ್ತಿಗೆ ಇನ್ನೊಂದು, ಮತ್ತೆ ಇದನ್ನೆಲ್ಲ ಮಾಡಿದೆ ಅಂತ ಟಿಕ್ ಹಾಕಲು ಒಂದು ಡೈರಿ. ದೀಪಾವಳಿಗೆ ಅಜ್ಜಿ ಹರಳೆಣ್ಣೆ ಬಟ್ಟಲು ಹಿಡಿದು ಬಂದರೆ ಹಿತ್ತಿಲಿಗೆ ಓಡುತ್ತಿದ್ದ ಹುಡುಗ, ಈಗ ಎಣ್ಣೆಗೆ ತಿಂಗಳ ಸಬ್‌ಸ್ಕ್ರಿಪ್ಶನ್ ತಗೊಂಡಿದ್ದಾನೆ.

ಹಲ್ಲುಕಡ್ಡಿಯ ಕಥೆ ಇನ್ನೂ ಚಂದ. ವಾಗ್ಭಟ ಬರೆದ ಹಳೆಯ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದಲ್ಲಿ ದಿನಚರ್ಯೆಗೇ ಒಂದು ಅಧ್ಯಾಯ ಇದೆ. ಹಲ್ಲುಜ್ಜಲು ಅಲ್ಲಿ ಹೆಸರಿಸಿರುವುದು ಎಕ್ಕ, ಆಲ, ಕಗ್ಗಲಿ, ಹೊಂಗೆ, ಮತ್ತಿ ಇಂಥವನ್ನು. ಹೊಂಗೆ ಅಂದರೆ ಬೆಂಗಳೂರಿನ ಬೀದಿಬೀದಿಯಲ್ಲಿರುವ ಅದೇ ಮರ. ಗೇಟಿನ ಮುಂದಿನ ಹೊಂಗೆ ಕಾರಿನ ಮೇಲೆ ಹೂವು ಉದುರಿಸುತ್ತದೆ, ಕಡಿಸಿ ಅಂತ ಅರ್ಜಿ ಕೊಟ್ಟು ಬಂದವರು, ಸಂಜೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿದ ಬೇವಿನ ಕಡ್ಡಿಗೆ ಹತ್ತು ನಿಮಿಷದ ಡೆಲಿವರಿ ಕೇಳುತ್ತಾರೆ.

ಆಮೇಲೆ ಬ್ರಾಹ್ಮೀ ಮುಹೂರ್ತ. ಅದು ಸೂರ್ಯ ಹುಟ್ಟುವುದಕ್ಕೆ 96 ನಿಮಿಷ ಮೊದಲು ಶುರುವಾಗುತ್ತದೆ, 48 ನಿಮಿಷ ಇರುತ್ತದೆ. ಜನವರಿಯಲ್ಲಿ ಬೆಂಗಳೂರಿನ ಸೂರ್ಯ ಬರೋದೇ 6.45ರ ಹೊತ್ತಿಗೆ. ಐದು ಗಂಟೆ ದಾಟಿದ ಮೇಲೆ ಎದ್ದರೂ ನಡೆಯುತ್ತದೆ. ಆದರೆ ರೀಲ್‌ನವರು ನಾಲ್ಕು ಅಂದಿದ್ದಾರಲ್ಲ, ನಾಲ್ಕಕ್ಕೇ ಅಲಾರಂ ಹೊಡೆದು ಇಡೀ ಮಹಡಿ ಏಳುತ್ತದೆ. ಇನ್ನೊಂದು ಮಾತು ಸುಮ್ನೆ ಹೇಳ್ತೀನಿ, ಆ ಹೊತ್ತಿಗೆ ಏಳಬೇಕು ಅಂತ ವಾಗ್ಭಟ ಹೇಳಿದ್ದು ಆರೋಗ್ಯವಾಗಿ ಇರುವವರಿಗೆ. ಅಜೀರ್ಣ ಆದವರಿಗೆ ಎಣ್ಣೆ ಹಚ್ಚಿಕೊಳ್ಳುವುದೂ ಬೇಡ ಅಂದಿದ್ದಾನೆ. ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತಿಂದು ಬೆಳಗ್ಗೆ ಮೈಗೆಲ್ಲ ಎಳ್ಳೆಣ್ಣೆ ಬಳಿದುಕೊಳ್ಳುವವರಿಗೆ ಈ ಸಾಲು ಯಾವ ಕಿಟ್‌ನಲ್ಲೂ ಸಿಗಲ್ಲ, ಅದಕ್ಕೆ ಎಂಆರ್‌ಪಿ ಇಲ್ಲ ನೋಡಿ.

ಬಾಯಿ ಮುಕ್ಕಳಿಸಿದ ಎಣ್ಣೆ ಸಿಂಕಿಗೆ, ಮೈ ಉಜ್ಜಿದ ಕಡಲೆಹಿಟ್ಟು ಬಚ್ಚಲಿಗೆ, ಪೈಪು ಕಟ್ಟಿಕೊಂಡು ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಜಗಳ. ಈ ಚಳವಳಿಯಿಂದ ಕಣ್ಣಿಗೆ ಕಾಣುವಷ್ಟು ಲಾಭ ಆಗಿರೋದು ಪ್ಲಂಬರ್‌ಗೆ.

ವ್ಯಾಯಾಮಕ್ಕೂ ವಾಗ್ಭಟ ಮಿತಿ ಹಾಕಿದ್ದಾನೆ: ಬಲ ಇರುವವರು, ಜಿಡ್ಡಿನ ಊಟ ಮಾಡುವವರು, ಚಳಿಗಾಲ ಮತ್ತು ವಸಂತದಲ್ಲಿ ಅರ್ಧ ಶಕ್ತಿಯಷ್ಟು ಮಾಡಲಿ, ಉಳಿದ ಕಾಲದಲ್ಲಿ ಅದಕ್ಕಿಂತ ಕಮ್ಮಿ. ಅರ್ಧ ಶಕ್ತಿಗೆ ಯಾರಾದರೂ ಲೀಡರ್‌ಬೋರ್ಡ್ ಮಾಡ್ತಾರಾ? ಹಾಗಾಗಿ ಬೇಸಿಗೆಯ ಬಿಸಿಲಲ್ಲೂ ನೂರೆಂಟು ಸೂರ್ಯನಮಸ್ಕಾರದ ಚಾಲೆಂಜ್ ಇರುತ್ತದೆ.

ರಾತ್ರಿ ಹತ್ತಕ್ಕೆ ಆ್ಯಪ್ 'ಮಲಗುವ ಸಮಯ' ಅಂತ ಗಂಟೆ ಬಾರಿಸುತ್ತದೆ. ಅಮೆರಿಕದ ಕ್ಲೈಂಟ್ ಜೊತೆ ಕಾಲ್‌ನಲ್ಲಿರುವವನು ಅದನ್ನು ಮ್ಯೂಟ್ ಮಾಡುತ್ತಾನೆ, ಒಂದೂವರೆಗೆ ಕಾಲ್ ಮುಗಿದ ಮೇಲೆ ನಿದ್ದೆ ಬರಲಿ ಅಂತ ಅಶ್ವಗಂಧ ಆರ್ಡರ್ ಮಾಡುತ್ತಾನೆ, ಡೆಲಿವರಿಯವನು ಬಂದು ಬೆಲ್ ಮಾಡುವ ತನಕ ಎದ್ದಿರುತ್ತಾನೆ.