ಸೀಸೆ ಪುಕ್ಕಟೆ, ಕೆಲಸ ಪುಕ್ಕಟೆಯಲ್ಲ

ಖಾಲಿ ವೈನ್ ಸೀಸೆಗೆ ದಪ್ಪ ತಾಮ್ರದ ತಂತಿ ಸುತ್ತಿ, ತಲೆಕೆಳಗಾಗಿ ತೂಗುಹಾಕಬೇಕು. ಬಾಯಿಗೆ ರಬ್ಬರ್ ಬಿರಡೆ, ಬಿರಡೆಯಿಂದ ಹೊರಬಂದ ಬಾಗಿದ ಸಣ್ಣ ಕೊಳವೆ. ಒಳಗೆ ಸಕ್ಕರೆ ನೀರು. ಇದು ಹಮ್ಮಿಂಗ್‌ಬರ್ಡ್ ಫೀಡರ್, ಅಂದರೆ ಹೂವಿನ ಮಕರಂದ ಹೀರುವ ಆ ಪುಟ್ಟ ಹಕ್ಕಿಗೆ ಸಕ್ಕರೆ ನೀರು ಕುಡಿಸುವ ಸಾಧನ. ಕ್ಯಾಲಿಫೋರ್ನಿಯಾದ ಕರಕುಶಲ ಸಂತೆಗಳಲ್ಲಿ ಇವು ಸುಮಾರು 40 ಡಾಲರ್‌ಗೆ ಮಾರಾಟವಾಗುತ್ತವೆ. ನಾನೂ ಸ್ಯಾನ್ ಹೋಸೆಯಲ್ಲಿ ಬಿಡುವಿನ ಹೊತ್ತಿನಲ್ಲಿ ಮಾಡಿ ಮಾರುತ್ತೇನೆ. ಊರಿಂದ ಬಂದ ನೆಂಟರು ಬೆಲೆ ಕೇಳಿ, "ಖಾಲಿ ಬಾಟ್ಲಿಗೆ ಇಷ್ಟಾ?" ಎನ್ನುತ್ತಾರೆ. ಬೆಲೆ ಸರಿಯಾಗಿಯೇ ಇದೆ ಅಂತ ನಾನು ಹೇಳುತ್ತೇನೆ. ಈ ಫೀಡರ್‌ಗಳ ಬಗ್ಗೆ ನನಗಿರುವ ತಕರಾರು ಬೇರೆ.

ಮೊದಲು ಬೆಲೆಯ ಲೆಕ್ಕ. ಸೀಸೆ ಪಕ್ಕದ ಮನೆಯವರು ಸುಮ್ನೆ ಕೊಡುತ್ತಾರೆ. 2024ರ ಜನವರಿಯಿಂದ ಈ ರಾಜ್ಯದಲ್ಲಿ ವೈನ್ ಸೀಸೆಯೂ ಮರುಬಳಕೆ ಠೇವಣಿಗೆ ಸೇರಿದೆ. ವಾಪಸ್ ಕೊಟ್ಟರೆ ದೊಡ್ಡ ಸೀಸೆಗೆ 10 ಸೆಂಟ್ ಸಿಗುತ್ತದೆ. ಅಂದರೆ ವಸ್ತುವಿನ ಬೆಲೆ ಹೆಚ್ಚೆಂದರೆ ಅಷ್ಟೇ. ತಂತಿ, ಬಿರಡೆ, ಕೊಳವೆಗೆ ಇನ್ನು ಆರೇಳು ಡಾಲರ್. ಕರಕುಶಲ ವಸ್ತುಗಳ ಆನ್‌ಲೈನ್ ಮಾರುಕಟ್ಟೆ ಎಟ್ಸಿಯಲ್ಲಿ ಮಾರಿದರೆ ಪಟ್ಟಿಗೆ ಹಾಕಲು 20 ಸೆಂಟ್, ಮಾರಾಟದ ಮೇಲೆ ಶೇ 6.5, ಹಣ ಪಾವತಿಯ ಶುಲ್ಕ ಬೇರೆ. 40 ಡಾಲರ್‌ನಲ್ಲಿ ನಾಲ್ಕಕ್ಕೂ ಜಾಸ್ತಿ ಹೀಗೇ ಹೋಗುತ್ತದೆ.

ಉಳಿದದ್ದು ಕೈಕೆಲಸ. ಲೇಬಲ್ ಬಿಡಿಸಲು ಬಿಸಿ ನೀರು, ಸೋಡಾ ಪುಡಿಯಲ್ಲಿ ನೆನೆಸಬೇಕು. ಎಲೆಕ್ಟ್ರಿಷಿಯನ್ ಹತ್ತಿರ ಉಳಿದ ತಂತಿ ತಂದರೆ ಮೇಲಿನ ಪ್ಲಾಸ್ಟಿಕ್ ಸುಲಿಯಬೇಕು. ತುಂಬಿದ ಸೀಸೆ ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ, ಅದಕ್ಕೇ ತಂತಿ ದಪ್ಪ ಬೇಕು, ಬಗ್ಗಿಸುವಷ್ಟರಲ್ಲಿ ಬೆರಳು ನೋಯುತ್ತದೆ. ತುದಿ ಉಜ್ಜಿ ನುಣುಪು ಮಾಡದಿದ್ದರೆ ಹಕ್ಕಿಗೂ ಚುಚ್ಚುತ್ತದೆ, ತೊಳೆಯುವ ಕೈಗೂ ಚುಚ್ಚುತ್ತದೆ. ಫೋಟೊ, ಪ್ಯಾಕಿಂಗ್ ಸೇರಿಸಿದರೆ ಒಂದೂವರೆ ಗಂಟೆ ಆರಾಮಾಗಿ ಹಿಡಿಯುತ್ತದೆ. 2025ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್ ಇತ್ತು. ಕೂಡಿಸಿ ನೋಡಿ, 40 ಡಾಲರ್‌ನಲ್ಲಿ ಲಾಭ ಅಂತ ಉಳಿಯುವುದು ತೀರಾ ಸ್ವಲ್ಪ. ಇಲ್ಲಿನ ಗಿರಾಕಿಗಳು ಈ ಲೆಕ್ಕವನ್ನು ಒಪ್ಪುತ್ತಾರೆ. ಸೀಸೆ ಎಲ್ಲಿಂದ ಬಂತು ಅಂತ ಆಸೆಯಿಂದ ಕೇಳುತ್ತಾರೆ, ಆದರೆ ಪುಕ್ಕಟೆ ಬಂತು ಅಂತ ಬೆಲೆ ಇಳಿಸಲು ಹೇಳುವುದಿಲ್ಲ.

ಇಲ್ಲಿ ನನಗೆ ಧಾರವಾಡದ ಕೌದಿ ನೆನಪಾಗುತ್ತದೆ. ಹಳೆ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಎಲ್ಲ ಸೇರಿಸಿ ಹೆಣ್ಣುಮಕ್ಕಳು ದಿನಗಟ್ಟಲೆ ಕೂತು ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಇನ್ನೂ ಚಂದ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಅದು ಅಮೆರಿಕದ ಕಲಾಪ್ರೇಮಿಗಳ ಗೋಡೆಯವರೆಗೂ ಬಂದಿದೆ. ನಮ್ಮ ಓಣಿಯಲ್ಲಿ ಮಾತ್ರ ಕೂಲಿ ಕೊಡುವ ಹೊತ್ತಿಗೆ ಕೇಳುವುದು ಒಂದೇ ಮಾತು: "ಅರಬಿ ನಮ್ದ, ದಾರಾನೂ ನಮ್ದ, ಮತ್ತ ಇಷ್ಟ್ ರೊಕ್ಕ ಯಾಕ?" ಬಟ್ಟೆ ಹಳೆಯದು ಅಂದಮಾತ್ರಕ್ಕೆ ಆ ತಾಯಿಯ ನಾಲ್ಕೈದು ದಿನಕ್ಕೆ ಬೆಲೆ ಇಲ್ಲವೇ? ಇದು ನನ್ನನ್ನು ತುಂಬಾ ನೋಯಿಸುತ್ತದೆ.

ಆದರೆ ಕೌದಿಯಲ್ಲಿರುವ ಒಂದು ಗುಣ ಇಲ್ಲಿನ ಎಷ್ಟೋ ಫೀಡರ್‌ಗಳಲ್ಲಿ ಇಲ್ಲ. ತೊಳೆಯಲಾಗದ ಕೌದಿಯನ್ನು ಯಾರೂ ಹೊಲಿಯುವುದಿಲ್ಲ. ಮಹಾನವಮಿಗೆ ಮುಂಚೆ ಕೆರೆಗೆ ಒಯ್ದು ಬಡಿದು ಒಗೆದರೂ ಅದು ತಾಳಬೇಕು. ಇಲ್ಲಿ ಸಂತೆಯಲ್ಲಿ ಬಣ್ಣದ ಹರಳು, ಮಣಿ, ಅಂಟಿನಲ್ಲಿ ಕೂರಿಸಿದ ಗಾಜಿನ ಹೂವು, ಎಲ್ಲ ಇರುತ್ತದೆ. ಒಳಗೆ ಬ್ರಷ್ ಹೋಗುವುದೇ ಇಲ್ಲ. ಫೋಟೊಗೆ ಚಂದ, ಹಕ್ಕಿಗೆ ಅಪಾಯ. ಸಕ್ಕರೆ ನೀರು ಬಿಸಿಲಲ್ಲಿ ಬೇಗ ಹುಳಿಯುತ್ತದೆ, ಕಪ್ಪು ಬೂಷ್ಟು ಹಿಡಿಯುತ್ತದೆ. ಸೆಖೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ತೊಳೆಯಲೇಬೇಕು. ಕುಡಿಯಲು ಬರುವ ಆನಾಸ್ ಹಮ್ಮಿಂಗ್‌ಬರ್ಡ್ ತೂಗುವುದು ಸುಮಾರು 4 ಗ್ರಾಂ. ಅಷ್ಟು ಪುಟ್ಟ ಜೀವಕ್ಕೆ ಹಾಳಾದ ನೀರು ಕುಡಿಸುವುದು ಸಣ್ಣ ವಿಷಯ ಅಲ್ಲ. ಈ ಜಾತಿ ನಮ್ಮಲ್ಲಿ ವರ್ಷವಿಡೀ ಇರುತ್ತದೆ. ಹೊರಗಿಂದ ತಂದು ನೆಟ್ಟ ನೀಲಗಿರಿ ಮರ, ತೋಟದ ಹೂವು, ಮನೆಮನೆಯ ಫೀಡರ್, ಇವುಗಳ ಆಸರೆಯಲ್ಲೇ ಕಳೆದ ಶತಮಾನದಲ್ಲಿ ಉತ್ತರಕ್ಕೆ ಕೆನಡಾದವರೆಗೂ ಹರಡಿದೆ.

ನಿಜ ಹೇಳಬೇಕೆಂದರೆ 750 ಮಿಲಿ ಸೀಸೆಯೇ ಈ ಕೆಲಸಕ್ಕೆ ಸರಿ ಇಲ್ಲ. ಹಿತ್ತಲಿಗೆ ಬರುವ ಮೂರು ನಾಲ್ಕು ಹಕ್ಕಿಗಳು ಅಷ್ಟು ಕುಡಿಯುವುದಿಲ್ಲ. ಅರ್ಧ ತುಂಬಿಸಿದರೆ ಉಳಿದ ಜಾಗದ ಗಾಳಿ ಬಿಸಿಲಿಗೆ ಹಿಗ್ಗಿ ನೀರನ್ನು ಕೊಳವೆಯಿಂದ ತೊಟ್ಟಿಕ್ಕಿಸುತ್ತದೆ, ಇರುವೆ, ಜೇನ್ನೊಣ ಮುತ್ತುತ್ತವೆ. ಅದಕ್ಕೆ ನಾನು ಈಗ ಸಾಸ್‌ನ ಸಣ್ಣ ಸೀಸೆ, ಜ್ಯೂಸ್ ಸೀಸೆಗಳನ್ನೇ ಜಾಸ್ತಿ ಬಳಸುತ್ತೇನೆ. ಬ್ರಷ್ ಒಳಗೆ ಹೋಗದ ಸೀಸೆ ಎಷ್ಟೇ ಚಂದ ಇದ್ದರೂ ಬೇಡ. ಸೀಸ (ಲೆಡ್) ಬೆರೆತ ಹಳೆ ಕ್ರಿಸ್ಟಲ್ ಗಾಜೂ ಬೇಡ. ಕೆಂಪು ಬೇಕಿದ್ದರೆ ಹೊರಗೆ ಒಂದು ಮುಚ್ಚಳದ ಹೂವು ಸಾಕು. ನೀರಿಗೆ ಬಣ್ಣ ಹಾಕುವ ಅಗತ್ಯ ಇಲ್ಲ. ಪ್ರತಿ ಪೆಟ್ಟಿಗೆಯಲ್ಲೂ ಒಂದು ಬ್ರಷ್, ಒಂದು ಚೀಟಿ ಇಡುತ್ತೇನೆ: ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು, ಬೇರೇನೂ ಬೇಡ. ನಮ್ಮವರು ಪ್ರೀತಿಯಿಂದ ಬೆಲ್ಲವೋ ಜೇನುತುಪ್ಪವೋ ಹಾಕಲು ಹೋಗುತ್ತಾರೆ. ಬೆಲ್ಲದಲ್ಲಿರುವ ಕಬ್ಬಿಣದ ಅಂಶ ಈ ಹಕ್ಕಿಗಳಿಗೆ ಒಳ್ಳೆಯದಲ್ಲ, ಜೇನು ಬೇಗ ಹುದುಗುತ್ತದೆ.

ಇಲ್ಲಿನ ಕನ್ನಡದ ಗೆಳತಿಯರು ತಾವೂ ಶುರು ಮಾಡಬಹುದಾ ಅಂತ ಕೇಳುತ್ತಾರೆ. ಖಂಡಿತ ಮಾಡಿ. ರಾಜ್ಯದ ಮಾರಾಟ ಪರವಾನಗಿಗೆ ಶುಲ್ಕ ಇಲ್ಲ. ಆದರೆ ಎಚ್-4 ವೀಸಾದಲ್ಲಿದ್ದು (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ) ಕೆಲಸದ ಅನುಮತಿ ಇಲ್ಲದವರು ಒಂದೇ ಒಂದು ಮಾರುವ ಮುಂಚೆಯೂ ವಕೀಲರನ್ನು ಕೇಳಿ.

ಧಾರವಾಡಕ್ಕೆ ಒಂದು ಕಳಿಸು ಅಂದವರಿಗೆ ನಾನು ಕಳಿಸುವುದಿಲ್ಲ. ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳಲ್ಲಿ ಮಾತ್ರ ಇದೆ. ನಿಮ್ಮ ಹಿತ್ತಲಿಗೆ ಬರುವುದು ಸೂರಕ್ಕಿ. ಅದಕ್ಕೆ ಒಂದು ದಾಸವಾಳದ ಗಿಡ ಹಚ್ಚಿ.

ಅವ್ವನಿಗೆ ಫೋನಿನಲ್ಲಿ ನನ್ನ ಫೀಡರ್ ಲೆಕ್ಕವನ್ನೆಲ್ಲ ಹೇಳಿದ್ದೆ. ಆಮೇಲೆ ಕೌದಿ ಹೊಲಿಸಿದಾಗ ಅವಳು ಎಷ್ಟು ದಿನ ಹಿಡಿಯಿತು ಅಂತ ಕೇಳಿ, ಕಟ್ಟಡ ಕೆಲಸದ ದಿನಗೂಲಿಯ ಲೆಕ್ಕದಲ್ಲಿ ದುಡ್ಡು ಕೊಟ್ಟಳು. "ಓಣ್ಯಾಗ ರೇಟ್ ಕೆಡಿಸಿದ್ರಿ ನೀವು" ಅಂತ ಪಕ್ಕದ ಮನೆಯ ಕಾಕೂ ಇನ್ನೂ ಜಗಳ ಆಡುತ್ತಾರಂತೆ.