ಊರು ಬದಲಾದರೆ ಕ್ಯಾನ್ಸರ್ ಕೂಡ ಬದಲಾಗುತ್ತದೆ

ಕ್ಯಾನ್ಸರ್ ಬಗ್ಗೆ ಬಂದ ಲೇಖನವೊಂದರಲ್ಲಿ, ಅದು ವಂಶದಿಂದ ಬರುವುದು, ದೇಶ ಬಿಟ್ಟರೂ ಬೆನ್ನು ಬಿಡದು ಎಂದು ಲೇಖಕರು ಬರೆದಿದ್ದಾರೆ. ಅರ್ಧ ಮಾತ್ರ ನಿಜ ಸರ್.

ಅಮೆರಿಕಕ್ಕೆ ಹೋಗಿ ನೆಲೆಸಿದ ಜಪಾನಿಗಳನ್ನೇ ನೋಡಿ. ಜಪಾನಿನಲ್ಲಿ ಜಠರದ ಕ್ಯಾನ್ಸರ್ ಜಾಸ್ತಿ. ವಲಸೆ ಹೋದವರಲ್ಲೂ ಅದು ಹೆಚ್ಚೇ ಇತ್ತು, ಆದರೆ ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಇಳಿಯಿತು. ದೊಡ್ಡ ಕರುಳಿನದ್ದು ಉಲ್ಟಾ, ಹೋದವರಲ್ಲೇ ಏರಿತು. ಸ್ತನ ಕ್ಯಾನ್ಸರ್ ಏರಲು ಇನ್ನಷ್ಟು ಸಮಯ ಹಿಡಿಯಿತು. ಸಂಶೋಧಕರಾದ ಹೆನ್ಸೆಲ್ ಮತ್ತು ಕುರಿಹಾರಾ 1968ರಲ್ಲೇ ಇದನ್ನು ಬರೆದಿದ್ದಾರೆ. ಒಂದು ತಲೆಮಾರಿನಲ್ಲಿ ಜೀನ್ ಬದಲಾಗಲ್ಲ ಅಲ್ವಾ? ಬದಲಾದದ್ದು ತಟ್ಟೆ. ಉಪ್ಪು ಹಾಕಿಟ್ಟ ಮೀನು, ಉಪ್ಪು ಹಾಕಿಟ್ಟ ತರಕಾರಿ ಕಡಿಮೆಯಾಗಿ ಮಾಂಸ ಜಾಸ್ತಿಯಾಯಿತು. ಜಠರಕ್ಕೆ ತೊಂದರೆ ಕೊಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಅಂಟುವುದು. ಹಾಗಾಗಿ ದೊಡ್ಡವರಾದ ಮೇಲೆ ಹೊರಟವರು ಅದನ್ನು ಹೊಟ್ಟೆಯಲ್ಲೇ ಹೊತ್ತೊಯ್ದರು.

ಜೊತೆಗೇ ಹೋಗುವುದು ಅಭ್ಯಾಸ. ಪೂರ್ವ ಲಂಡನ್ನಿನ ಬಾಂಗ್ಲಾದೇಶಿ ಮನೆಗಳಲ್ಲಿ ಎಲೆ ಅಡಿಕೆ ಬಿಟ್ಟಿಲ್ಲ, ಅದರ ಜೊತೆ ಬಾಯಿ ಕ್ಯಾನ್ಸರಿನ ಭಯವೂ ಬಿಟ್ಟಿಲ್ಲ. ತಂಬಾಕು ಹಾಕದಿದ್ದರೆ ಏನೂ ಆಗಲ್ಲ ಅಂತ ನಮ್ಮ ಕಡೆಯೂ ಸುಮ್ನೆ ಹೇಳ್ತಾರೆ. ಅಡಿಕೆ ತೋಟದವನಾದ ನನಗೆ ಬರೆಯಲು ಕಷ್ಟವೇ, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಲೇಖನದಲ್ಲಿ ಅಡಿಕೆಯ ಸುದ್ದಿಯೇ ಇಲ್ಲ.