ಲಿವರ್ ಎಲ್ಲಿದೆ ನೋಡಿ, ಆಮೇಲೆ ಸ್ಕ್ರೂ ಬಿಚ್ಚಿ

ಹಳೇ ಪಿಯಾನೊದ ಕೀಬೋರ್ಡಿನ ಕೆಳಗೆ, ಕೂತವರ ಮೊಣಕಾಲಿಗೆ ತಾಗುವ ಜಾಗದಲ್ಲಿ ಒಂದು ಲಿವರ್ ಚಾಚಿಕೊಂಡಿದೆ ಅನ್ನಿ. ಬಂಗಲೆಗೆ ಬಂದು ಹೋಗುವವರು ಅದಕ್ಕೆ ತಲೆಗೊಂದು ಅರ್ಥ ಹೇಳುತ್ತಾರೆ. ಪಿಯಾನೊ ಜಾರದಿರಲು ಬ್ರೇಕ್ ಎಂದು ಒಬ್ಬರು, ಕೊಡೆ ತೂಗುಹಾಕಲು ದೊರೆಗಳು ಮಾಡಿಸಿಕೊಂಡದ್ದು ಎಂದು ಇನ್ನೊಬ್ಬರು. ಮಕ್ಕಳು ಮಾತ್ರ ಅರ್ಥ ಕೇಳುವುದಿಲ್ಲ, ಎಳೆಯುತ್ತಾರೆ. ಎಳೆದಾಗ 'ಕಟಕ್' ಎಂದು ಇಡೀ ಕೀಬೋರ್ಡೇ ಪಕ್ಕಕ್ಕೆ ಒಂದು ಬೆರಳಗಲ ಜರುಗಿತೋ, ಮನೆಯಲ್ಲಿರುವುದು ಟ್ರಾನ್ಸ್‌ಪೋಸಿಂಗ್ ಪಿಯಾನೊ. ಅಪರೂಪದ ಮಾಲು. ಬೇರೆ ಪಿಯಾನೊಗಳು ಕೆಡುವ ಎಲ್ಲ ರೀತಿಯಲ್ಲೂ ಇದು ಕೆಡುತ್ತದೆ, ಅದರ ಮೇಲೆ ತನ್ನದೇ ಒಂದಷ್ಟು ರೀತಿಗಳನ್ನು ಸೇರಿಸಿಕೊಂಡಿರುತ್ತದೆ.

ಭಜನೆಗೆ ಹೋಗುವವರಿಗೆ ಇದರ ತತ್ವ ವಿವರಿಸಬೇಕಾಗಿಲ್ಲ. ಸ್ಕೇಲ್ ಚೇಂಜರ್ ಹಾರ್ಮೋನಿಯಂ ನೋಡಿದ್ದೀರಲ್ಲ, ಅದೇ. "ಇವತ್ತು ಗಂಟಲು ಸರಿಯಿಲ್ಲ, ಅರ್ಧ ಮನೆ ಇಳಿಸಿ" ಎಂದು ಹಾಡುವವರು ಅಂದ ಕೂಡಲೇ ನುಡಿಸುವವರು ಬೆರಳಿನ ಅಭ್ಯಾಸ ಬದಲಿಸುವ ಗೋಜಿಗೆ ಹೋಗದೆ ಕೀಬೋರ್ಡನ್ನೇ ಜರುಗಿಸುತ್ತಾರೆ. ಒತ್ತುವ ಕೀ ಅದೇ, ಕೆಳಗೆ ಸಿಗುವ ರೀಡ್ ಬೇರೆ. ಪಿಯಾನೊದಲ್ಲಿ ರೀಡಿನ ಜಾಗಕ್ಕೆ ಹ್ಯಾಮರ್ ಮತ್ತು ತಂತಿ. ಇಂಗ್ಲೆಂಡಿನ ಎಡ್ವರ್ಡ್ ರೈಲಿ ಎಂಬಾತ 1801ರಲ್ಲೇ ಇಂಥ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಅದಕ್ಕೆ ಹೆಸರು ಬಂದದ್ದು ಅಮೆರಿಕದ ಹಾಡು ಕಟ್ಟುವವ ಇರ್ವಿಂಗ್ ಬರ್ಲಿನ್‌ನಿಂದ. ಆತ ಹೆಚ್ಚಾಗಿ ನುಡಿಸುತ್ತಿದ್ದದ್ದು ಎಫ್ ಶಾರ್ಪ್‌ನಲ್ಲಿ, ಅಂದರೆ ಬಹುಪಾಲು ಕಪ್ಪು ಕೀಗಳ ಮೇಲೆ. ಬೇರೆ ಶ್ರುತಿ ಬೇಕಾದರೆ ಲಿವರ್ ಎಳೆದುಕೊಳ್ಳುತ್ತಿದ್ದ. ನ್ಯೂಯಾರ್ಕಿನ ವೀಸರ್ ಬ್ರದರ್ಸ್ ತಯಾರಿಸಿದ ಅವನ ಪಿಯಾನೊ ಒಂದು ಈಗ ಅಲ್ಲಿನ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಅಲ್ಲಿ ಹವಾನಿಯಂತ್ರಣ ಉಂಟು. ಮಡಿಕೇರಿಯಲ್ಲಿ ಹವೆ ಉಂಟು, ನಿಯಂತ್ರಣ ಇಲ್ಲ.

ಒಳಗೆ ಆಗುವುದು ಇಷ್ಟು. ಕೀ ಒತ್ತಿದರೆ ಅದರ ಹಿಂಬದಿ ಮೇಲೇಳುತ್ತದೆ. ಹಿಂಬದಿಯಲ್ಲಿ ಕ್ಯಾಪ್‌ಸ್ಟನ್ ಎಂಬ ಗುಂಡುತಲೆಯ ಸ್ಕ್ರೂ ಇದೆ, ಅದು ಮೇಲಿರುವ ವಿಪ್ಪನ್ ಎಂಬ ಮರದ ತುಂಡನ್ನು ಎತ್ತುತ್ತದೆ, ವಿಪ್ಪನ್ ಹ್ಯಾಮರನ್ನು ದೂಡುತ್ತದೆ, ಹ್ಯಾಮರ್ ಸುಮಾರು 45 ಮಿ.ಮೀ. ದೂರ ಹೋಗಿ ತಂತಿಗೆ ಬಡಿಯುತ್ತದೆ. ಸಾಮಾನ್ಯ ಪಿಯಾನೊದಲ್ಲಿ ಯಾವ ಕೀಗೆ ಯಾವ ವಿಪ್ಪನ್ ಎಂಬುದು ಕಾರ್ಖಾನೆಯವರೇ ಮಾಡಿಸಿದ ಮದುವೆ, ಬದಲಾಗುವ ಪ್ರಶ್ನೆಯಿಲ್ಲ. ಇಲ್ಲಿ ಲಿವರ್ ಎಳೆದಾಗಲೆಲ್ಲ ಜೋಡಿ ಬದಲು. ಹನ್ನೆರಡು ಸ್ವರದ ಒಂದು ಆಕ್ಟೇವ್ ಕೀಬೋರ್ಡಿನ ಅಗಲ ಸುಮಾರು 165 ಮಿ.ಮೀ., ಹನ್ನೆರಡರಿಂದ ಭಾಗಿಸಿದರೆ 13.75. ಲಿವರಿನ ಒಂದು ಹೆಜ್ಜೆ ಅಂದರೆ ಅಷ್ಟು. ಎಲ್ಲ ಕೀಗಳ ಹಿಂಬದಿಯೂ ಎಲ್ಲ ವಿಪ್ಪನ್‌ಗಳೂ ಈ ಒಂದೇ ಲೆಕ್ಕದಲ್ಲಿ ಸಾಲಾಗಿ ನಿಂತಿದ್ದರೆ ಮಾತ್ರ ಆಟ ನಡೆಯುತ್ತದೆ.

ಲಿವರ್ ಪ್ರತಿ ಹೆಜ್ಜೆಗೂ ಒಂದು ಕಚ್ಚಿನಲ್ಲಿ ಕೂರುತ್ತದೆ. ಮೂರು ತಲೆಮಾರು ಎಳೆದಾಡಿದ ಮೇಲೆ ಕಚ್ಚು ಸವೆದು ಅಗಲವಾಗುತ್ತದೆ. ಕೀಬೋರ್ಡ್ 2 ಮಿ.ಮೀ. ಆಚೀಚೆ ನಿಂತರೆ ಕ್ಯಾಪ್‌ಸ್ಟನ್ ವಿಪ್ಪನ್ನಿನ ಅಂಚನ್ನು ಹಿಡಿದು ಎತ್ತುತ್ತದೆ, ಕೀ ಒರಟಾಗುತ್ತದೆ. 6 ಮಿ.ಮೀ. ಆದರೆ ಎರಡು ವಿಪ್ಪನ್‌ಗಳ ನಡುವೆ ನಿಂತು ಎರಡನ್ನೂ ಎತ್ತುತ್ತದೆ: ಒಂದು ಬೆರಳು, ಅಕ್ಕಪಕ್ಕದ ಎರಡು ಸ್ವರ. ಹುತ್ತರಿಗೆ ಬಂದ ನೆಂಟರಲ್ಲಿ ಬೆಂಗಳೂರಿನವರು ಇದನ್ನು ಜಾಝ್ ಎನ್ನುತ್ತಾರೆ.

ಇದಕ್ಕೆ ಹೊಸ ಕಚ್ಚುಪಟ್ಟಿ ಮಾಡಿಸುವುದೇ ದಾರಿ. ಲೇತ್ ಅಂಗಡಿಗೆ ಹಳೆಯ ಪಟ್ಟಿಯನ್ನೇ ಮಾದರಿ ಎಂದು ಕೊಟ್ಟು ಬರಬೇಡಿ, ಸವೆತವನ್ನೂ ಸೇರಿಸಿ ಅಚ್ಚುಕಟ್ಟಾಗಿ ನಕಲು ಮಾಡಿಕೊಡುತ್ತಾರೆ. ಅಳತೆ ವಿಪ್ಪನ್‌ಗಳಿಂದ ತೆಗೆಯಿರಿ. ಒಂದರಿಂದ ಪಕ್ಕದ್ದಕ್ಕೆ ಅಳೆಯಲು ಹೋದರೆ ಅರ್ಧ ಮಿಲಿಮೀಟರ್ ತಪ್ಪು ಖಂಡಿತ. ಮೊದಲನೆಯದರ ನಡುಗೆರೆಯಿಂದ ಇಪ್ಪತ್ತೈದನೆಯದರ ನಡುಗೆರೆವರೆಗೆ ಒಮ್ಮೆಲೇ ಅಳೆದು 24ರಿಂದ ಭಾಗಿಸಿ. ತಪ್ಪು ಕೂಡ 24 ಪಾಲಾಗಿ ಹಂಚಿಹೋಗುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇನ್ನೊಂದು ಎಚ್ಚರ ಬೇಕು: ಒಂದು ಮಗು ಕೀ ಒತ್ತಿ ಹಿಡಿದಿರುವಾಗ ಇನ್ನೊಂದು ಲಿವರ್ ಎಳೆದರೆ, ಮೇಲೆದ್ದಿರುವ ಕ್ಯಾಪ್‌ಸ್ಟನ್ ಪಕ್ಕದ ವಿಪ್ಪನ್ನಿಗೆ ಅಡ್ಡಡ್ಡ ಗುದ್ದುತ್ತದೆ. ನೂರು ವರ್ಷದ ಮರ, ಬೆರಳುದ್ದದ ತುಂಡು. 'ಕಟಕ್' ಅನ್ನಬೇಕಾದದ್ದು 'ಪಟಕ್' ಅನ್ನುತ್ತದೆ.

ಆದರೆ ಎಲ್ಲಕ್ಕಿಂತ ದುಬಾರಿ ಅವಘಡ ಶ್ರುತಿ ಮಾಡಿಸುವಾಗಿನದು. ಮೈಸೂರಿನಿಂದ ಟ್ಯೂನರ್ ಹುಡುಗ ಬರುತ್ತಾನೆ, ಫೋನಿನಲ್ಲಿ ಆ್ಯಪ್ ತೆರೆದು ನಡುವಿನ ಎ ಕೀ ಒತ್ತುತ್ತಾನೆ. ಸೆಕೆಂಡಿಗೆ 440 ಕಂಪನ ತೋರಿಸಬೇಕಾದಲ್ಲಿ 392.

"ಅಂಕಲ್, ಇದು ಪೂರ್ತಿ ಒಂದು ಸ್ವರ ಇಳಿದುಹೋಗಿದೆ."

"ಇಳೀದೆ ಇರ್ತದಾ ಮಾರಾಯ? ಈ ಸಲದ ಮಳೆಗೆ ನಮ್ಮ ಗೇಟೇ ಇಳಿದಿದೆ. ಏರಿಸು."

"ಎಡಗಡೆ ಕೊನೇ ಎರಡು ಕೀ ಸದ್ದೇ ಮಾಡ್ತಿಲ್ಲ."

"ಇಲಿ."

ಇಲಿಯ ಮೇಲೆ ಇಷ್ಟು ಸುಲಭವಾಗಿ ತಪ್ಪು ಹೊರಿಸಬಾರದು. ಕೀಬೋರ್ಡ್ ಎರಡು ಹೆಜ್ಜೆ ಎಡಕ್ಕೆ ಜರುಗಿ ನಿಂತಿದೆ. ತುದಿಯ ಎರಡು ಕೀಗಳ ಮೇಲೆ ಎತ್ತಲು ವಿಪ್ಪನ್ನೇ ಇಲ್ಲ. ಎ ಕೀ ಬಡಿಯುತ್ತಿರುವುದು ಜಿ ತಂತಿಗೆ, ಜಿ ತಂತಿಗೆ 392 ಸರಿಯಾದ ಲೆಕ್ಕ. ಅದನ್ನು 440ಕ್ಕೆ ಏರಿಸಿದರೆ ಆವರ್ತನ ಶೇ 12ರಷ್ಟು ಹೆಚ್ಚುತ್ತದೆ, ತಂತಿಯ ಬಿಗಿತ ಆವರ್ತನದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎಳೆತ ಶೇ 26ರಷ್ಟು ಹೆಚ್ಚುತ್ತದೆ. ಇನ್ನೂರಕ್ಕೂ ಹೆಚ್ಚು ತಂತಿಗಳು ಸೇರಿ ಎರಕದ ಕಬ್ಬಿಣದ ಚೌಕಟ್ಟನ್ನು ಮೊದಲೇ ಹದಿನಾರು ಟನ್ ಆಸುಪಾಸಿನಲ್ಲಿ ಎಳೆಯುತ್ತಿರುತ್ತವೆ. ಅದರ ಮೇಲೆ ಇನ್ನು ನಾಲ್ಕು ಟನ್. ಹುಡುಗ ಶ್ರದ್ಧೆಯಿಂದ ಮುಂದುವರಿದಷ್ಟೂ ಮೇಲಿನ ಸಣ್ಣ ತಂತಿಗಳು ಪಟ್ ಪಟ್ ಎನ್ನುತ್ತವೆ, ಆಮೇಲೆ ತುಕ್ಕು ಹಿಡಿದ ಬಾಸ್ ತಂತಿಗಳು, ಗ್ರಹಚಾರ ಪೂರ್ತಿ ಕೆಟ್ಟಿದ್ದರೆ ಚೌಕಟ್ಟಿಗೇ ಬಿರುಕು. ಸಾಯಂಕಾಲ ಯಾರೋ ಲಿವರನ್ನು ಅದರ ಮೂಲ ಜಾಗಕ್ಕೆ ತಂದರೆ, ಉಳಿದ ಅಷ್ಟೂ ತಂತಿಗಳು ಒಂದು ಸ್ವರ ಮೇಲೆ ಹಾಡುತ್ತವೆ.

ಆದ್ದರಿಂದ ಮೊದಲು ಮೇಲಿನ ಹಲಗೆ ತೆಗೆದು ಟಾರ್ಚ್ ಹಾಕಿ. ಕೀಗಳ ಮರದ ಮೇಲೆ ಎಡದಿಂದ 1, 2, 3 ಎಂದು ಅಚ್ಚೊತ್ತಿರುತ್ತಾರೆ, ಹ್ಯಾಮರ್‌ಗಳ ಮೇಲೂ ಸಂಖ್ಯೆ ಇರುವುದುಂಟು. 40ರ ಕೀ 40ರ ಹ್ಯಾಮರನ್ನೇ ಎತ್ತುವವರೆಗೆ ಲಿವರ್ ಸರಿಸಿ. ಸಂಖ್ಯೆ ಅಳಿಸಿಹೋಗಿದ್ದರೆ, ಎಡಗಡೆಯ ಮೊದಲ ಎ ಕೀ ಅತಿ ದಪ್ಪದ ಬಾಸ್ ತಂತಿಗೆ ಬಡಿಯಬೇಕು ಎಂಬುದನ್ನು ಹಿಡಿದುಕೊಳ್ಳಿ. ಆ ಜಾಗಕ್ಕೆ ಬಣ್ಣದ ಗುರುತು ಹಾಕಿ, ಕೀಬೋರ್ಡಿನ ಎರಡೂ ತುದಿಗೆ ಸಣ್ಣ ಬೆಣೆ ಕೊಟ್ಟು ಅಲ್ಲಾಡದಂತೆ ಮಾಡಿ, ಆಮೇಲೆ ಸ್ಕ್ರೂಡ್ರೈವರ್ ಮುಟ್ಟಿ. ಪಿಯಾನೊವನ್ನು ಪಿಕಪ್ಪಿಗೆ ಹತ್ತಿಸುವಾಗಲೂ ಈ ಬೆಣೆ ಇರಲೇಬೇಕು. ಇಲ್ಲದಿದ್ದರೆ ಕುಶಾಲನಗರ ತಲಪುವ ಹೊತ್ತಿಗೆ ಪ್ರತಿ ತಿರುವಿನಲ್ಲೂ ಶ್ರುತಿ ಬದಲಾಗಿರುತ್ತದೆ.

ಇನ್ನು ನಮ್ಮ ಮಳೆ. ಪಿಯಾನೊಗೆ ಹಿತವಾಗುವುದು ಶೇ 40ರಿಂದ 50ರ ಆರ್ದ್ರತೆ. ಜುಲೈ ತಿಂಗಳಲ್ಲಿ ಇಲ್ಲಿನ ಗಾಳಿ ಶೇ 90 ದಾಟಿ ದಿನಗಟ್ಟಲೆ ನಿಲ್ಲುತ್ತದೆ, ಆ ಗಾಳಿಯಲ್ಲಿ ಇಟ್ಟ ಮರದ ತೇವಾಂಶ ನಿಧಾನಕ್ಕೆ ಶೇ 20ರ ಹತ್ತಿರ ಹೋಗುತ್ತದೆ. ಕಣದ ಕಾಫಿ ಶೇ 11ಕ್ಕೆ ಒಣಗಿತೋ ಇಲ್ಲವೋ ಎಂದು ಮೀಟರ್ ಇಟ್ಟು ನೋಡುವ ಜನ ನಾವು, ನಡುಮನೆಯ ಪಿಯಾನೊಗೆ ಆ ಮರ್ಯಾದೆ ಇಲ್ಲ. 10 ಸೆಂ.ಮೀ. ಅಗಲದ ಹಲಗೆಯ ತೇವಾಂಶ ಶೇ 10ರಿಂದ 20ಕ್ಕೆ ಏರಿದರೆ ಅಡ್ಡಕ್ಕೆ 2 ಮಿ.ಮೀ.ಗೂ ಹೆಚ್ಚು ಉಬ್ಬಬಹುದು. ಕೀಬೋರ್ಡ್ ಜಾರುವ ಹಳಿಯಲ್ಲಿ ತಯಾರಕರು ಬಿಟ್ಟಿರುವ ಸಂದು ಒಂದು ವಿಸಿಟಿಂಗ್ ಕಾರ್ಡ್ ದಪ್ಪದ್ದು. ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ.

ಆಗ ಆಚಾರಿಯನ್ನು ಕರೆಸುತ್ತಾರೆ. ಬಾಗಿಲು ಹಿಡಿಯುತ್ತಿದೆ ಅಂದರೆ ಏನು ಮಾಡುತ್ತಾರೋ ಅದನ್ನೇ ಇಲ್ಲೂ ಮಾಡುತ್ತಾರೆ: ಉಜ್ಜುಗೊರಡು ತೆಗೆದು ಹಳಿಯನ್ನು ಎರಡು ಸುತ್ತು ಕೀಸಿ, ಸಲೀಸಾಗಿ ಜಾರಿಸಿ ತೋರಿಸಿ, ಕಾಫಿ ಕುಡಿದು ಹೋಗುತ್ತಾರೆ. ಫೆಬ್ರುವರಿಯಲ್ಲಿ ಮರ ಬತ್ತುತ್ತದೆ. ಕೀಬೋರ್ಡ್ ಹಳಿಯೊಳಗೆ ಹಿಂದೆಮುಂದೆ ಓಲಾಡತೊಡಗುತ್ತದೆ, ಕ್ಯಾಪ್‌ಸ್ಟನ್ ವಿಪ್ಪನ್ನಿನ ತುದಿಯನ್ನಷ್ಟೇ ಎತ್ತುತ್ತದೆ, ಹ್ಯಾಮರ್ ತಂತಿ ಮುಟ್ಟುವ ಮೊದಲೇ ವಾಪಸ್ಸು. ಉಬ್ಬಿದ ಮರ ಇಳಿಯುತ್ತದೆ, ಕೀಸಿದ ಮರ ಬೆಳೆಯುವುದಿಲ್ಲ. ಮಳೆಗಾಲದಲ್ಲಿ ಮರಕ್ಕೆ ಉಳಿ, ಉಜ್ಜುಗೊರಡು, ಉಪ್ಪುಕಾಗದ ಯಾವುದೂ ತಾಗಬಾರದು. ಕೆಳಗಿನ ಪೆಟ್ಟಿಗೆಯೊಳಗೆ 25ರಿಂದ 50 ವ್ಯಾಟಿನ ಹೀಟರ್ ಸರಳು ಹಾಕಿ ಮೂರು ವಾರ ಬಿಡಿ. ಆಮೇಲೂ ಹಿಡಿದರೆ ಹಳಿಗೆ ಮೇಣದಬತ್ತಿ ಉಜ್ಜಿ.

ಸರಳಿನ ಬದಲು ಬಲ್ಬ್ ಇಡುವ ಪದ್ಧತಿ ಹಳೆಯದು, ಕೆಲಸವನ್ನೂ ಮಾಡುತ್ತದೆ. ತಂತಿಬಲೆಯ ಗೂಡಿನಲ್ಲಿ 40 ವ್ಯಾಟಿನ ಹಳೇ ಕಾಲದ ಬಲ್ಬ್, ಮರ ಮತ್ತು ಫೆಲ್ಟಿನಿಂದ ಕನಿಷ್ಠ ಒಂದು ಗೇಣು ದೂರ. ಇದರಲ್ಲಿ ತೊಡಕು ಎರಡು. ಗಾಳಿ ಜೋರಾದರೆ ಕರೆಂಟ್ ಹೋಗುತ್ತದೆ, ಅಂದರೆ ಬಲ್ಬ್ ತುಂಬಾ ಬೇಕಾದ ವಾರವೇ ಬಲ್ಬ್ ಇರುವುದಿಲ್ಲ. ಎರಡನೆಯದು, ಮನೆಯಲ್ಲಿ ಉಳಿತಾಯ ಬುದ್ಧಿಯವರು ಒಬ್ಬರಾದರೂ ಇರುತ್ತಾರೆ. ಹಳೇ ಬಲ್ಬ್ ಸುಟ್ಟುಹೋದಾಗ ಅವರು 9 ವ್ಯಾಟಿನ ಎಲ್ಇಡಿ ಹಾಕುತ್ತಾರೆ. ಶಾಖ ಇಲ್ಲ, ಬೆಳಕು ಧಾರಾಳ. ಇಲಿಗಳು ಓದಿಕೊಳ್ಳಬಹುದು.

ಹ್ಯಾಮರ್ ಹೋಗಿ ತಂತಿಗೆ ಅಂಟಿದ ಹಾಗೆ ನಿಂತುಬಿಡುವುದೂ ಮಳೆಯ ಕೊಡುಗೆಯೇ. ಹ್ಯಾಮರ್ ತಿರುಗುವ ಸಂದಿಯಲ್ಲಿ ಸೆಂಟರ್ ಪಿನ್ ಎಂಬ ತೆಳು ಕಡ್ಡಿ ಇರುತ್ತದೆ, ಸಾಮಾನ್ಯ ಅಳತೆ 20ನೇ ನಂಬರ್, ದಪ್ಪ 1.27 ಮಿ.ಮೀ. ಅದರ ಸುತ್ತ ಉಣ್ಣೆಬಟ್ಟೆಯ ಬುಶಿಂಗ್. ಬಟ್ಟೆ ತೇವ ಕುಡಿದು ಪಿನ್ನನ್ನು ಬಿಗಿಹಿಡಿಯುತ್ತದೆ. ಇದಕ್ಕೆ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಒಂದು ವಾರ ಚೆನ್ನಾಗಿ ನಡೆಯುತ್ತದೆ, ಆಮೇಲೆ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. ಅದೇ ಎಣ್ಣೆ ತಂತಿ ಬಿಗಿಯುವ ಟ್ಯೂನಿಂಗ್ ಪಿನ್ನುಗಳಿರುವ ಹಲಗೆಗೆ ಇಳಿಯಿತೋ, ಪಿನ್ನು ಮರದಲ್ಲಿ ನಿಲ್ಲುವುದಿಲ್ಲ, ಎಷ್ಟು ಶ್ರುತಿ ಮಾಡಿದರೂ ಸಂಜೆಗೆ ಜಾರಿರುತ್ತದೆ. ಒಣಗಿಸಿಯೂ ಬಿಡದ ಸಂದಿಯ ಪಿನ್ ಹೊರತೆಗೆದು, ಬುಶಿಂಗನ್ನು ರೀಮರಿನಿಂದ ಹದಮಾಡಿ, ಸರಿಯಾದ ಅಳತೆಯ ಹೊಸ ಪಿನ್ ಹಾಕಬೇಕು. ಎಂಬತ್ತಕ್ಕೂ ಹೆಚ್ಚು ಹ್ಯಾಮರ್‌ಗಳು, ಎಲ್ಲವನ್ನೂ ಒಂದೇ ದಿನ ಮಾಡಿ ಮುಗಿಸುತ್ತೇನೆ ಅನ್ನುವವರಿಂದ ದೂರ ಇರಿ. ಬಿಟ್ಟುಕೊಂಡ ಮರದ ಸಂದುಗಳಿಗೆ ಬಿಳಿ ಗೋಂದೂ ಬೇಡ, ಮುಂದೆ ಬಿಚ್ಚಬೇಕಾದಾಗ ಮರವೇ ಕಿತ್ತುಬರುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಸುಮಾರು 60 ಡಿಗ್ರಿಯಲ್ಲಿ ಕರಗಿಸಿದ ಮರವಜ್ರ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಹಳೇ ಅಂಟು) ಸಾಕು. ಶಾಖ, ತೇವ ಕೊಟ್ಟರೆ ಅದು ಮರ್ಯಾದೆಯಿಂದ ಬಿಡುತ್ತದೆ.

ಕೊನೆಗೆ ಬಿಳಿ ಕೀಗಳ ಮೇಲ್ಪದರ. ಹಳೇ ಪಿಯಾನೊದಲ್ಲಿ ಅದು ಆನೆದಂತವೂ ಇರಬಹುದು, ಸೆಲ್ಯುಲಾಯ್ಡ್ ಕೂಡ ಇರಬಹುದು. ದಂತವಾದರೆ ಸಾಮಾನ್ಯವಾಗಿ ಅಗಲದ ಮುಂಭಾಗ, ಸಪೂರ ಹಿಂಭಾಗ ಎಂದು ಎರಡು ತುಂಡು, ಕಪ್ಪು ಕೀ ಶುರುವಾಗುವ ಕಡೆ ಕೂದಲೆಳೆಯ ಗೆರೆ. ಬೆಳಕಿಗೆ ಓರೆಯಾಗಿ ನೋಡಿದರೆ ಸಣ್ಣ ನಾರುಗೆರೆಗಳೂ ಕಾಣುತ್ತವೆ. ಬಿಸಿ ಸೂಜಿ ಚುಚ್ಚಿ ಪರೀಕ್ಷಿಸುವ ಸಾಹಸ ಬೇಡ, ಸೆಲ್ಯುಲಾಯ್ಡ್ ಆಗಿದ್ದರೆ ಉತ್ತರ ಬೆಂಕಿಯ ರೂಪದಲ್ಲಿ ಬರುತ್ತದೆ. ದಂತ ಹಳದಿಯಾಗಿದೆಯೆಂದು ನಿಂಬೆಹುಳಿ ಹಾಕಿ ತಿಕ್ಕಬೇಡಿ, ಹೊಳಪು ತಿಂದುಹಾಕುತ್ತದೆ. ಕಾಚಂಪುಳಿಯಂತೂ ಪಂದಿಕರಿಗೇ ಇರಲಿ. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಒಂದೆರಡು ಎದ್ದುಹೋಗಿದ್ದರೆ ಆ ಕೀಗಳಿಗೆ ಪ್ಲಾಸ್ಟಿಕ್ ಮೇಲ್ಪದರ ಕೂರಿಸಬಹುದು, ದಪ್ಪ ಹೆಚ್ಚಿದ್ದರೆ ಅಷ್ಟು ಮರ ತೆಗೆಯಬೇಕು, ಅದೂ ಬೇಸಿಗೆಯಲ್ಲಿ. ಕಿತ್ತ ದಂತದ ತುಂಡುಗಳನ್ನು ಏನು ಮಾಡಬಾರದು ಎಂಬುದು ಮುಖ್ಯ: ದಂತದ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿಯಲ್ಲಿ ನಿಷಿದ್ಧ, 1991ರ ತಿದ್ದುಪಡಿಯಿಂದ ಆಫ್ರಿಕಾದ ಆನೆಯ ದಂತವೂ ಅದರೊಳಗೇ ಬಂತು. ಹಳೇ ಪೇಪರ್ ಜೊತೆ ತೂಕಕ್ಕೆ ಹಾಕೋಣ ಎಂದು ಗುಜರಿಯವರಿಗೆ ಫೋನ್ ಮಾಡಿದರೆ, ಅವರ ಗಾಡಿಗಿಂತ ಮೊದಲು ಫಾರೆಸ್ಟ್ ಜೀಪ್ ಬಂದು ಅಂಗಳದಲ್ಲಿ ನಿಂತಿರುತ್ತದೆ.